ತಗಾಲೊಗ್‌ನಲ್ಲಿ ‘ಬೇಕು’, ‘ಬಹುದು’, ‘ಬಾರದು’: ಯಾವಾಗ ಯಾವ ಪದ?

ಬೆಳಿಗ್ಗೆ ಎದ್ದು ‘ಕಾಫಿ ಬೇಕು’ ಎನ್ನುತ್ತೇವೆ. ಜ್ವರ ಬಂದಾಗ ‘ಮಾತ್ರೆ ಬೇಕು’ ಎನ್ನುತ್ತೇವೆ. ಮಕ್ಕಳಿಗೆ ‘ಕೊಟ್ಟ ಮಾತು ಉಳಿಸಿಕೊಳ್ಳಬೇಕು’ ಎಂದು ಹೇಳಿಕೊಡುತ್ತೇವೆ. ಮೊದಲನೆಯದು ಆಸೆ, ಎರಡನೆಯದು ಅಗತ್ಯ, ಮೂರನೆಯದು ಕರ್ತವ್ಯ. ಮೂರಕ್ಕೂ ಕನ್ನಡದಲ್ಲಿ ಒಂದೇ ‘ಬೇಕು’ ಸಾಕು. ಫಿಲಿಪ್ಪೀನ್ಸ್‌ನ ತಗಾಲೊಗ್ ಭಾಷೆಯಲ್ಲಿ ಸಾಲದು. ಅಲ್ಲಿ ಆಸೆಗೆ ‘ಗುಸ್ತೊ’, ಅಗತ್ಯಕ್ಕೆ ‘ಕೈಲಾಙನ್’, ಕರ್ತವ್ಯಕ್ಕೆ ‘ದಾಪತ್’. ಕನ್ನಡಿಗರು ಈ ಭಾಷೆ ಕಲಿಯುವಾಗ ಮೊದಲು ಎಡವುವುದು ಇಲ್ಲಿಯೇ.

ದುಬೈಯಲ್ಲಿ ಏಳು ವರ್ಷ ಕೆಲಸ ಮಾಡಿದ ನನಗೆ ಫಿಲಿಪ್ಪೀನ್ಸ್‌ನ ಸಹೋದ್ಯೋಗಿಗಳೇ ಗುರುಗಳು. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರು ಬತಾಙಸ್ ಪ್ರಾಂತ್ಯದ ಹಿರಿಯ ಮಹಿಳೆ. ಅವರನ್ನು ಎಲ್ಲರೂ ‘ಆತೆ’ ಎಂದು ಕರೆಯುತ್ತಿದ್ದರು. ಆತೆ ಎಂದರೆ ಅಕ್ಕ. ಈ ಬರಹದ ಬಹುಪಾಲು ಅವರು ತಿದ್ದಿ ಹೇಳಿಕೊಟ್ಟದ್ದು.

ಉಚ್ಚಾರಣೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ವರ್ಣಮಾಲೆಯಲ್ಲಿ ಕವರ್ಗದ ಕೊನೆಗೆ ಸುಮ್ಮನೆ ಕುಳಿತಿರುವ ‘ಙ’ ಅಕ್ಷರಕ್ಕೆ ತಗಾಲೊಗ್‌ನಲ್ಲಿ ದಿನವಿಡೀ ಕೆಲಸ. ‘ಕೈಲಾಙನ್’ ಎನ್ನುವಾಗ ‘ಗ’ ಕೇಳಿಸಬಾರದು; ‘ಅಂಗಳ’ದ ಅನುಸ್ವಾರವನ್ನಷ್ಟೇ ಉಳಿಸಿಕೊಂಡು ‘ಗ’ವನ್ನು ಬಿಟ್ಟರೆ ಸರಿಯಾದ ಧ್ವನಿ ಬರುತ್ತದೆ. ಇನ್ನು ‘ಹಿಂದಿ’ ಎಂಬ ಪದ ಪದೇಪದೇ ಕಿವಿಗೆ ಬೀಳುತ್ತದೆ. ಅದಕ್ಕೂ ನಮ್ಮ ದೇಶದ ಹಿಂದಿಗೂ ಸಂಬಂಧವಿಲ್ಲ. ಅದರ ಅರ್ಥ ‘ಅಲ್ಲ’, ‘ಇಲ್ಲ’.

‘ಇಲ್ಲದಿದ್ದರೆ ಏನಾಗುತ್ತದೆ?’ ಎಂದು ಕೇಳಿಕೊಳ್ಳಿ

ಇಂಗ್ಲಿಷ್ ಮೂಲಕ ಕಲಿಸುವ ಪುಸ್ತಕಗಳು ದಾಪತ್ ಮತ್ತು ಕೈಲಾಙನ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟುಬಿಡುತ್ತವೆ. ಅದನ್ನು ನೆಚ್ಚಿಕೊಂಡರೆ ಗೊಂದಲ ಬಗೆಹರಿಯುವುದಿಲ್ಲ. ನಾನು ಬಳಸುವ ಒರೆಗಲ್ಲು ಬೇರೆ. ಕನ್ನಡದಲ್ಲಿ ‘ಬೇಕು’ ಬಂದ ತಕ್ಷಣ ‘ಇಲ್ಲದಿದ್ದರೆ ಏನಾಗುತ್ತದೆ?’ ಎಂದು ಕೇಳಿಕೊಳ್ಳುತ್ತೇನೆ. ‘ಏನೂ ಆಗುವುದಿಲ್ಲ, ಸ್ವಲ್ಪ ಬೇಸರ’ ಎಂಬುದು ಉತ್ತರವಾದರೆ ಗುಸ್ತೊ. ‘ಕೆಲಸ ಮುಂದೆ ಸಾಗುವುದಿಲ್ಲ’ ಎಂದಾದರೆ ಕೈಲಾಙನ್. ‘ಅದು ತಪ್ಪಾಗುತ್ತದೆ’ ಎಂದಾದರೆ ದಾಪತ್.

ಕಾಫಿ ಕುಡಿಯುವ ಮನಸ್ಸಾದರೆ ‘ಗುಸ್ತೊ ಕೊ ನಙ್ ಕಪೆ’ ಎನ್ನಬೇಕು. ‘ಕೈಲಾಙನ್ ಕೊ ನಙ್ ಕಪೆ’ ಎಂದರೆ ಕಾಫಿ ಇಲ್ಲದೆ ನಡೆಯದು, ತಲೆ ಸಿಡಿಯುತ್ತಿದೆ ಎಂಬ ಭಾವ. ಔಷಧಿಗೆ ‘ಕೈಲಾಙನ್ ಕೊ ನಙ್ ಗಮೊತ್’ ಸರಿ. ಔಷಧಿಯ ಮೇಲೆ ಯಾರಿಗೂ ಆಸೆಯಿರುವುದಿಲ್ಲವಲ್ಲ. ವೈದ್ಯರು ರೋಗಿಗೆ ‘ನೀವು ವಿಶ್ರಾಂತಿ ತೆಗೆದುಕೊಳ್ಳಬೇಕು’ ಎನ್ನುವಾಗ ಎರಡೂ ಹೊಂದುತ್ತವೆ. ಕೈಲಾಙನ್ ಬಳಸಿದರೆ ದೇಹದ ಸ್ಥಿತಿ ಅದನ್ನು ಕೇಳುತ್ತಿದೆ ಎಂದಾಗುತ್ತದೆ. ದಾಪತ್ ಬಳಸಿದರೆ ಹಾಗೆ ಮಾಡುವುದೇ ಸರಿಯಾದ ನಡೆ ಎಂದಾಗುತ್ತದೆ. ಕೈಲಾಙನ್‌ನಲ್ಲಿ ಒತ್ತಾಯ ಪರಿಸ್ಥಿತಿಯದು. ದಾಪತ್‌ನಲ್ಲಿ ತೀರ್ಪು ಇದೆ, ಯಾವುದು ಸರಿ ಯಾವುದು ತಪ್ಪು ಎಂಬ ಅಳತೆ ಇದೆ. ಬಾಸ್, ತಾಯಿ, ಸ್ನೇಹಿತ, ಯಾರ ಬಾಯಲ್ಲಿ ಬಂದರೂ ದಾಪತ್ ಆ ಅಳತೆಗೋಲನ್ನು ಜೊತೆಗೇ ತರುತ್ತದೆ.

ಗುಸ್ತೊ ಸ್ಪ್ಯಾನಿಷ್‌ನಿಂದ ಬಂದ ಪದ. 1565ರಿಂದ 1898ರವರೆಗೆ ನಡೆದ ಸ್ಪೇನ್ ಆಳ್ವಿಕೆ ಬಿಟ್ಟುಹೋದ ಪದಗಳಲ್ಲಿ ಇದೂ ಒಂದು. ವ್ಯಕ್ತಿಯ ಬಗ್ಗೆ ಇದನ್ನು ಬಳಸುವಾಗ ಎಚ್ಚರ ಇರಲಿ. ‘ಕೈಲಾಙನ್ ಕಿತಾ’ ಎಂದರೆ ನೀನು ನನಗೆ ಬೇಕು, ನಿನ್ನ ಅಗತ್ಯವಿದೆ. ‘ಗುಸ್ತೊ ಕಿತಾ’ ಎಂದರೆ ನಿನ್ನ ಮೇಲೆ ನನಗೆ ಮನಸ್ಸಾಗಿದೆ. ಸಭೆಗೆ ಸಹೋದ್ಯೋಗಿಯನ್ನು ಕರೆಯುವಾಗ ಎರಡನೆಯದು ಬಾಯಿಗೆ ಬರಬಾರದು.

ಒಂದು ‘ಇನ್’ ತಂದ ನೋವು

ಕ್ರಿಯಾಪದದ ರೂಪ ಎಷ್ಟು ಮುಖ್ಯ ಎಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ. ರಜೆಯ ಅರ್ಜಿಯೊಂದಕ್ಕೆ ಆತೆಯ ಸಹಿ ಬೇಕಿತ್ತು. ಆ ಹೊತ್ತಿಗೆ ನಾಲ್ಕು ಮಾತು ಕಲಿತಿದ್ದೆ. ‘ನೀವು ಇದಕ್ಕೆ ಸಹಿ ಮಾಡಬೇಕು’ ಎನ್ನಲು ಹೊರಟು ‘ದಾಪತ್ ಪಿನಿರ್ಮಹಾನ್ ನಿನ್ಯೊ ಇತೊ’ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾಗದವನ್ನು ತಿರುಗಿಸಿ ದಿನಾಂಕ ನೋಡಿದರು. ‘ಇದು ನನ್ನ ಕೈಗೆ ಬಂದದ್ದೇ ಈಗ’ ಎಂದು ಇಂಗ್ಲಿಷಿನಲ್ಲಿ ಮೆಲ್ಲನೆ ಹೇಳಿದರು. ಅವರಿಗೆ ನೋವಾಗಿದೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಆಗಿದ್ದು ಇಷ್ಟು. ‘ಪಿರ್ಮಹಾನ್’ ಎಂದರೆ ಸಹಿ ಮಾಡು ಎಂಬ ಮೂಲ ರೂಪ. ನಡುವೆ ‘ಇನ್’ ಸೇರಿ ‘ಪಿನಿರ್ಮಹಾನ್’ ಆದರೆ ಕೆಲಸ ಮುಗಿದ ರೂಪ. ದಾಪತ್ ಜೊತೆ ಮುಗಿದ ರೂಪ ಬಂದರೆ ಅದು ‘ಮಾಡಬೇಕು’ ಅಲ್ಲ, ‘ಮಾಡಬೇಕಿತ್ತು’. ನಾನು ಕೇಳಿದ್ದು ಸಹಿ, ಅವರಿಗೆ ಕೇಳಿಸಿದ್ದು ‘ನೀವು ಇದಕ್ಕೆ ಸಹಿ ಮಾಡಿರಬೇಕಿತ್ತು, ಮಾಡಿಲ್ಲ’ ಎಂಬ ದೂರು. ಸರಿಯಾದ ವಾಕ್ಯ ‘ದಾಪತ್ ಪೊ ನಿನ್ಯೊಙ್ ಪಿರ್ಮಹಾನ್ ಇತೊ’. ಅದಕ್ಕಿಂತ ಹದವಾದದ್ದು ‘ಕೈಲಾಙನ್ ಪೊ ನಿನ್ಯೊಙ್ ಪಿರ್ಮಹಾನ್ ಇತೊ’, ಏಕೆಂದರೆ ಅಲ್ಲಿ ಸಹಿ ಕೇಳುತ್ತಿರುವುದು ಅರ್ಜಿಯೇ ಹೊರತು ನಾನಲ್ಲ. ಎಲ್ಲಕ್ಕಿಂತ ಮೃದುವಾದದ್ದು ‘ಪಾಕಿಪಿರ್ಮಹಾನ್ ಪೊ ಇತೊ’: ದಯವಿಟ್ಟು ಇದಕ್ಕೊಂದು ಸಹಿ ಹಾಕಿ. ಹಿರಿಯರ ಹತ್ತಿರ ಕೆಲಸ ಆಗಬೇಕಾದಾಗ ನಾನೀಗ ಈ ಕೊನೆಯದನ್ನೇ ಆರಿಸಿಕೊಳ್ಳುತ್ತೇನೆ. ವಾಕ್ಯದೊಳಗಿನ ‘ಪೊ’ ಗೌರವ ಸೂಚಕ. ‘ನಿನ್ಯೊ’ ನಮ್ಮ ‘ನೀವು’ ಹಾಗೆಯೇ, ಬಹುವಚನವೇ ಒಬ್ಬರಿಗೆ ಮರ್ಯಾದೆಯಾಗಿ ಒದಗುತ್ತದೆ.

ಈ ನಿಯಮ ಕನ್ನಡಿಗರಿಗೆ ಕಷ್ಟವಾಗಬಾರದು. ನಾವೂ ‘ಮಾಡಿದಬೇಕು’ ಎನ್ನುವುದಿಲ್ಲ. ಕಾಲದ ಗುರುತಿಲ್ಲದ ‘ಮಾಡ’ಕ್ಕೇ ‘ಬೇಕು’ ಅಂಟಿಸುತ್ತೇವೆ. ಅಡುಗೆ ಮಾಡಬೇಕು ಎಂದರೆ ‘ದಾಪತ್ ಮಗ್‌ಲೂತೊ’. ‘ನಗ್‌ಲೂತೊ’ ಬಂದರೆ ಅಡುಗೆ ಮಾಡಬೇಕಿತ್ತು. ‘ನೀನು ನನಗೆ ಹೇಳಬೇಕಿತ್ತು’ ಎಂಬ ಮುನಿಸಿಗೆ ಅಲ್ಲಿ ಸಿದ್ಧ ಮಾತು ‘ದಾಪತ್ ಸಿನಾಬಿ ಮೊ ಸ ಆಕಿನ್’. ತೊಡಕಾಗುವುದು ‘ಉಮ್’ ಸೇರಿದ ಕ್ರಿಯಾಪದಗಳಲ್ಲಿ ಮಾತ್ರ. ‘ಕುಮಾಇನ್’ ಎಂದರೆ ತಿನ್ನು ಎಂಬ ಮೂಲ ರೂಪವೂ ಹೌದು, ತಿಂದಾಯಿತು ಎಂಬ ರೂಪವೂ ಹೌದು. ಹಾಗಾಗಿ ‘ದಾಪತ್ ಕುಮಾಇನ್ ಕ’ ಎಂಬುದು ‘ನೀನು ಊಟ ಮಾಡಬೇಕು’ ಆಗಬಹುದು, ‘ಮಾಡಬೇಕಿತ್ತು’ ಕೂಡ ಆಗಬಹುದು. ಜೊತೆಗೆ ‘ಕಹಾಪೊನ್’, ಅಂದರೆ ನಿನ್ನೆ, ಬಂದರೆ ಎರಡನೆಯದು.

ಇನ್ನೊಂದು ಹೋಲಿಕೆ ನನಗೆ ತುಂಬ ಇಷ್ಟ. ‘ನಿನ್ನೆ ಬರಬೇಕಿತ್ತು, ಆದರೆ ಮಳೆ ಬಂತು’ ಎನ್ನುವಾಗ ನಮ್ಮ ‘ಬೇಕಿತ್ತು’ವಿನಲ್ಲಿ ಕರ್ತವ್ಯವಿಲ್ಲ, ಕೈತಪ್ಪಿದ ಯೋಜನೆ ಇದೆ. ದಾಪತ್ ಕೂಡ ಹಾಗೆ ಬಳಕೆಯಾಗುತ್ತದೆ: ‘ದಾಪತ್ ಪುಪುಂತಾ ಅಕೊ ಕಹಾಪೊನ್, ಪೆರೊ ಉಮುಲಾನ್’. ಇಲ್ಲಿ ಕ್ರಿಯಾಪದ ಇನ್ನೂ ನಡೆಯಬೇಕಾದ ಕೆಲಸದ ರೂಪದಲ್ಲಿದೆ.

‘ಕೊ’ ಮತ್ತು ‘ಅಕೊ’

‘ನಾನು’ ಎನ್ನಲು ತಗಾಲೊಗ್‌ನಲ್ಲಿ ಅಕೊ ಇದೆ, ಕೊ ಇದೆ. ಯಾವುದು ಎಲ್ಲಿ ಎಂಬುದನ್ನು ಮೊದಲ ಪದವೇ ನಿರ್ಧರಿಸುತ್ತದೆ. ಗುಸ್ತೊ ಮತ್ತು ಕೈಲಾಙನ್ ಯಾವಾಗಲೂ ‘ಕೊ’ ಕೇಳುತ್ತವೆ. ‘ಕೊ’ ಎಂಬುದು ‘ನನ್ನ’ ಎಂಬ ರೂಪವೂ ಆದ್ದರಿಂದ ‘ಕೈಲಾಙನ್ ಕೊ’ ಎಂಬುದನ್ನು ‘ನನ್ನ ಅಗತ್ಯ’ ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ನಾನು ಹೊರಡಬೇಕು: ‘ಕೈಲಾಙನ್ ಕೊಙ್ ಉಮಲಿಸ್’.

ದಾಪತ್‌ಗೆ ತನ್ನದೇ ಹಠವಿಲ್ಲ. ಹಿಂದೆ ಬರುವ ಕ್ರಿಯಾಪದ ಕೇಳಿದಂತೆ ನಡೆದುಕೊಳ್ಳುತ್ತದೆ. ಮಾಡುವವನನ್ನು ಮುಂದೆ ನಿಲ್ಲಿಸುವ ಕ್ರಿಯಾಪದವಾದರೆ ಅಕೊ: ‘ದಾಪತ್ ಅಕೊಙ್ ಉಮಲಿಸ್’. ಮಾಡಲ್ಪಡುವ ವಸ್ತುವನ್ನು ಮುಂದೆ ನಿಲ್ಲಿಸುವುದಾದರೆ ಕೊ: ‘ದಾಪತ್ ಕೊಙ್ ಗವಿನ್ ಇತೊ’, ಇದನ್ನು ನಾನು ಮಾಡಬೇಕು. ಅನುಮತಿಯ ಪದಗಳಾದ ಪ್ವೆದೆ ಮತ್ತು ಮಅಆರಿ ಕೂಡ ದಾಪತ್ ಹಾದಿಯಲ್ಲೇ ನಡೆಯುತ್ತವೆ. ಕೊನೆಗೆ ಅಂಟಿಕೊಳ್ಳುವ ‘ಙ್’ ಎರಡು ಪದಗಳನ್ನು ಬೆಸೆಯುವ ಕೊಂಡಿ, ಅಷ್ಟೇ.

ಬಹುದು: ಅನುಮತಿಯೋ, ಶಕ್ತಿಯೋ, ಸಾಧ್ಯತೆಯೋ

‘ಒಳಗೆ ಬರಬಹುದೇ?’ ಎಂದು ಕೇಳಲು ದಿನನಿತ್ಯದ ಪದ ‘ಪ್ವೆದೆ’. ಇದೂ ಸ್ಪ್ಯಾನಿಷ್ ಮೂಲದ್ದು. ‘ಪ್ವೆದೆ ಪೊ ಬ ಅಕೊಙ್ ಪುಮಾಸೊಕ್?’ ಎಂದರೆ ಯಾವ ಬಾಗಿಲಲ್ಲೂ ಸಲ್ಲುತ್ತದೆ. ‘ಬ’ ಪ್ರಶ್ನೆಯ ಗುರುತು. ಪದಗಳ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಎರಡಕ್ಷರದ ‘ಅಕೊ’ ಪೊ, ಬ ಎರಡನ್ನೂ ಮುಂದೆ ಬಿಟ್ಟು ಆಮೇಲೆ ಬರುತ್ತದೆ. ಒಂದಕ್ಷರದ ‘ಕೊ’ ಅವೆರಡಕ್ಕೂ ಮೊದಲೇ ನುಗ್ಗುತ್ತದೆ. ಹಾಗಾಗಿ ‘ಇದನ್ನು ಎರವಲು ಪಡೆಯಬಹುದೇ?’ ಎನ್ನಲು ‘ಪ್ವೆದೆ ಕೊ ಪೊ ಬಙ್ ಹಿರಮಿನ್ ಇತೊ?’ ಎಂಬುದೇ ಸರಿ.

‘ಮಅಆರಿ’ ಅಚ್ಚ ತಗಾಲೊಗ್ ಪದ, ಅರ್ಥ ಅದೇ. ಭಾಷಣ, ಅರ್ಜಿ, ಸುದ್ದಿ ವಾಚನದಲ್ಲಿ ಹೆಚ್ಚು ಕೇಳಿಸುತ್ತದೆ. ಚಹಾ ಅಂಗಡಿಯಲ್ಲಿ ‘ದಯಮಾಡಿ ಅನುಮತಿಸುವಿರಾ’ ಎಂದು ಕೇಳಿದರೆ ನಮಗೆ ಹೇಗೆ ಕೇಳಿಸುತ್ತದೋ ಅಂಗಡಿಯಲ್ಲಿ ಮಅಆರಿ ಹೆಚ್ಚುಕಡಿಮೆ ಹಾಗೆ ಕೇಳಿಸುತ್ತದೆ. ಮಾತಿಗೆ ಪ್ವೆದೆ, ಬರಹಕ್ಕೆ ಮಅಆರಿ ಎಂದು ಆರಿಸಿಕೊಂಡರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ‘ಪೊ’ ಜೊತೆಗಿದ್ದರೆ ಪ್ವೆದೆಯಲ್ಲಿ ಮರ್ಯಾದೆಗೇನೂ ಕೊರತೆಯಾಗದು.

ಶಕ್ತಿಯ ಮಾತಿಗೆ ಇವೆರಡಕ್ಕಿಂತ ‘ಕಾಯ’ ಖಚಿತ. ‘ಈ ಪೆಟ್ಟಿಗೆ ಎತ್ತಲು ನಿನ್ನಿಂದ ಆಗುತ್ತದೆಯೇ?’ ಎಂದು ಕೇಳುವಾಗ ನಾವು ಕೇಳುತ್ತಿರುವುದು ತೋಳಿನ ಬಲವನ್ನು, ಅನುಮತಿಯನ್ನಲ್ಲ. ನಮ್ಮ ‘ಆಗುವುದಿಲ್ಲ’ ಎರಡಕ್ಕೂ ಒದಗುವುದರಿಂದ ಇಲ್ಲಿ ಜಾಗ್ರತೆ ವಹಿಸಬೇಕು. ‘ಹಿಂದಿ ಕೊ ಕಾಯ’ ಎಂದರೆ ನನ್ನ ಕೈಲಾಗದು. ‘ಹಿಂದಿ ಪ್ವೆದೆ’ ಎಂದರೆ ಅದಕ್ಕೆ ಅವಕಾಶವಿಲ್ಲ, ಅಥವಾ ಪರಿಸ್ಥಿತಿ ಬಿಡುವುದಿಲ್ಲ. ಕೆಲಸ ವಹಿಸಿದವರಿಗೆ ಮೊದಲನೆಯದನ್ನು ಹೇಳಿದರೆ ಅವರು ನೆರವಿಗೆ ಬರುತ್ತಾರೆ. ಎರಡನೆಯದನ್ನು ಹೇಳಿದರೆ ಕಾರಣ ಕೇಳುತ್ತಾರೆ.

ಮಳೆ ಬರಬಹುದು ಎನ್ನುವಲ್ಲಿ ‘ಮಅಆರಿಙ್ ಉಮುಲಾನ್’ ಎಂದೂ ಹೇಳಬಹುದು, ‘ಬಕಾ ಉಮುಲಾನ್’ ಎಂದೂ ಹೇಳಬಹುದು. ಬಕಾದಲ್ಲಿ ‘ಎಲ್ಲಿ ಮಳೆ ಬಂದುಬಿಡುತ್ತದೋ’ ಎಂಬ ಆತಂಕದ ಎಳೆಯಿದೆ. ಕೊಡೆ ತೆಗೆದುಕೊಂಡು ಹೋಗು ಎಂದು ಮಗನಿಗೆ ಹೇಳುವ ತಾಯಿಯ ಬಾಯಲ್ಲಿ ಅದೇ ಬರುತ್ತದೆ.

ಪ್ವೆದೆಯ ಇನ್ನೊಂದು ರೂಪ ಕೇಳಿ ನಾನು ಬೆರಗಾದೆ. ‘ಪ್ವೆದೆ ನಾ’ ಎಂದರೆ ಅಷ್ಟೇನೂ ಚೆನ್ನಾಗಿಲ್ಲ, ಆದರೆ ನಡೆಯುತ್ತದೆ. ನಮ್ಮ ‘ಆಗಬಹುದು’ ಕೂಡ ‘ಬಹುದು’ವಿನಿಂದ ಹುಟ್ಟಿ ಅದೇ ಅರ್ಥಕ್ಕೆ ಬಂದು ನಿಂತಿದೆ. ಸಾರು ಹೇಗಿದೆ ಎಂದು ಕೇಳಿದಾಗ ‘ಆಗಬಹುದು’ ಎನ್ನುತ್ತೇವಲ್ಲ, ಅದೇ ದನಿ.

ನಿಷೇಧದಲ್ಲಿ ಕನ್ನಡವೇ ಕೈಹಿಡಿಯುತ್ತದೆ

ಒಪ್ಪುಮಾತಿನಲ್ಲಿ ಕನ್ನಡದ ಒಂದು ‘ಬೇಕು’ ಮೂರಾಗಿ ಒಡೆಯುತ್ತದೆ ಎಂದೆ. ನಕಾರಕ್ಕೆ ಬಂದರೆ ಚಿತ್ರ ಬೇರೆ. ಬಾರದು, ಬೇಕಾಗಿಲ್ಲ, ಬೇಡ, ಕೂಡದು ಎಂದು ನಾವು ಆಗಲೇ ಬೇರ್ಪಡಿಸಿ ಇಟ್ಟುಕೊಂಡಿದ್ದೇವೆ. ತಗಾಲೊಗ್ ಕೂಡ ಬಹುಪಾಲು ಅದೇ ಗೆರೆಗಳಲ್ಲಿ ಬೇರ್ಪಡುತ್ತದೆ. ಹಣ ಕಟ್ಟುವುದು ಎಂಬರ್ಥದ ‘ಮಗ್‌ಬಾಯದ್’ ಒಂದನ್ನೇ ಹಿಡಿದು ನೋಡೋಣ.

ಹಿಂದಿ ಕ ದಾಪತ್ ಮಗ್‌ಬಾಯದ್: ನೀನು ಹಣ ಕಟ್ಟಬಾರದು.
ಹಿಂದಿ ಮೊ ಕೈಲಾಙಙ್ ಮಗ್‌ಬಾಯದ್: ನೀನು ಹಣ ಕಟ್ಟಬೇಕಾಗಿಲ್ಲ.
ಹುವಾಗ್ ಕಙ್ ಮಗ್‌ಬಾಯದ್: ಹಣ ಕಟ್ಟಬೇಡ.
ಆಯವ್ ಕೊಙ್ ಮಗ್‌ಬಾಯದ್: ಹಣ ಕಟ್ಟಲು ನನಗೆ ಮನಸ್ಸಿಲ್ಲ.

ಮೊದಲೆರಡು ವಾಕ್ಯಗಳ ನಡುವಿನ ಅಂತರ ನೋಡಿ. ಒಂದರಲ್ಲಿ ಕಟ್ಟಿದರೆ ತಪ್ಪು. ಇನ್ನೊಂದರಲ್ಲಿ ಕಟ್ಟಿದರೂ ಸರಿ, ಬಿಟ್ಟರೂ ಸರಿ. ಸರ್ವನಾಮ ಕೂಡ ‘ಕ’ ಇದ್ದದ್ದು ‘ಮೊ’ ಆಗಿದೆ. ಅಕೊ ಮತ್ತು ಕೊ ಬಗ್ಗೆ ಹೇಳಿದ ನಿಯಮವೇ ಇಲ್ಲಿ ‘ನೀನು’ವಿಗೆ ಬಂದಿದೆ. ‘ಹಿಂದಿ’ ವಾಕ್ಯದ ಮೊದಲಿಗೆ ಬಂದಾಗ ಸರ್ವನಾಮ ಓಡಿ ಬಂದು ಅದರ ಬೆನ್ನಿಗೇ ನಿಲ್ಲುತ್ತದೆ ಎಂಬುದನ್ನೂ ಗಮನಿಸಿ.

ಕಷ್ಟ ಕೊಡುವುದು ‘ಬೇಡ’ ಒಂದೇ. ಇನ್ನೊಬ್ಬರಿಗೆ ‘ಮಾಡಬೇಡ’ ಎನ್ನುವುದು ಹುವಾಗ್, ಆಡುಮಾತಿನಲ್ಲಿ ‘ವಾಗ್’. ‘ನನಗೆ ಬೇಡ’ ಎನ್ನುವುದು ಆಯವ್ ಕೊ, ಆಡುಮಾತಿನಲ್ಲಿ ‘ಅಯೋಕೊ’. ಬಡಿಸಲು ಬಂದವರಿಗೆ ಅಯೋಕೊ ಎಂದರೆ ಒರಟಾಗಿ ಕೇಳಿಸಬಹುದು. ‘ಬೇಡ, ಇರಲಿ ಬಿಡಿ’ ಎಂಬ ಧಾಟಿಗೆ ‘ಹುವಾಗ್ ನಾ ಪೊ’ ಹೆಚ್ಚು ಒಪ್ಪುತ್ತದೆ. ‘ಚಿಂತಿಸಬೇಡಿ’ ಎನ್ನಲು ‘ಹುವಾಗ್ ಪೊ ಕಯೊಙ್ ಮಗ್-ಅಲಲಾ’. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕನ್ನಡಿಗರು ಈ ಒಂದು ವಾಕ್ಯವನ್ನಾದರೂ ಬಾಯಿಪಾಠ ಮಾಡಿಕೊಳ್ಳಲಿ. ಹೆದರಿದ ರೋಗಿಯ ಕಿವಿಗೆ ತನ್ನ ಭಾಷೆಯಲ್ಲಿ ಬಿದ್ದ ಇಷ್ಟು ಮಾತು ದೊಡ್ಡ ಆಸರೆ.

ಇನ್ನುಳಿದದ್ದು ‘ಬಾವಲ್’. ಗೋಡೆ, ಗೇಟು, ರಸ್ತೆ ವಿಭಜಕದ ಮೇಲೆ ಕಾಣುವ ಪದ ಇದು. ‘ಬಾವಲ್ ಪುಮಾಸೊಕ್’ ಪ್ರವೇಶವಿಲ್ಲ. ‘ಬಾವಲ್ ತುಮವಿದ್’ ರಸ್ತೆ ದಾಟಕೂಡದು. ‘ಬಾವಲ್ ಮನಿಗರಿಲ್ಯೊ’ ಧೂಮಪಾನ ನಿಷೇಧ. ಮನಿಲಾದ ಗೋಡೆಗಳಲ್ಲಿ ‘ಬಾವಲ್ ಉಮೀಹಿ ದಿತೊ’ ಎಂದು ಬಣ್ಣದಲ್ಲಿ ಬರೆದಿರುತ್ತಾರೆ. ‘ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು’ ಎಂಬ ನಮ್ಮೂರಿನ ಗೋಡೆಬರಹವನ್ನು ಕಂಡವರಿಗೆ ಅರ್ಥ ಹೇಳುವ ಅಗತ್ಯವಿಲ್ಲ. ಬಾವಲ್‌ನಲ್ಲಿ ಯಾರು ತಡೆಯುತ್ತಿದ್ದಾರೆ ಎಂಬುದು ಕಾಣಿಸುವುದಿಲ್ಲ. ಹುವಾಗ್ ಎಂದರೆ ತಡೆಯುತ್ತಿರುವವನು ನಾನು; ಬಾವಲ್ ಎಂದರೆ ತಡೆಯುತ್ತಿರುವುದು ನಿಯಮ. ಕಾವಲುಗಾರ ‘ಬಾವಲ್ ಪೊ’ ಎಂದಾಗ ಅವನೊಡನೆ ವಾದಕ್ಕಿಳಿದು ಪ್ರಯೋಜನವಿಲ್ಲ. ನಿಯಮ ಅವನು ಮಾಡಿದ್ದಲ್ಲ.

ಸಸ್ಯಾಹಾರಿಗಳಿಗೆ ಈ ಪದ ತುಂಬ ಉಪಕಾರಿ. ಫಿಲಿಪ್ಪೀನ್ಸ್ ಮನೆಯೂಟದಲ್ಲಿ ಮಾಂಸ, ಮೀನು ಸಾಮಾನ್ಯ. ‘ಆಯವ್ ಕೊ ನಙ್ ಕರ್ನೆ’ ಎಂದು ನಾನು ಮೊದಲ ಸಲ ಹೇಳಿದಾಗ ಮಾಂಸ ರುಚಿಸುವುದಿಲ್ಲ ಎಂದುಕೊಂಡು, ‘ಇದು ಬೇರೆ ತರಹ ಮಾಡಿದ್ದು, ಒಂದು ತುತ್ತು ನೋಡಿ’ ಎಂದು ಪ್ರೀತಿಯಿಂದ ಒತ್ತಾಯಿಸಿದರು. ತಿನ್ನಲಾರದೆ, ಬಿಡಲಾರದೆ ಸಂಕಟಪಟ್ಟೆ. ‘ಬಾವಲ್ ಸ ಆಕಿನ್ ಅಙ್ ಕರ್ನೆ’ ಎಂದು ಹೇಳಿ ಎಂದು ಆತೆಯೇ ಹೇಳಿಕೊಟ್ಟರು: ಮಾಂಸ ನನಗೆ ವರ್ಜ್ಯ. ಆಮೇಲೆ ಯಾರೂ ಒತ್ತಾಯಿಸಲಿಲ್ಲ. ಅದರ ಜೊತೆ ‘ಇಸ್ದಾ’, ಅಂದರೆ ಮೀನು, ಎಂಬುದನ್ನೂ ಸೇರಿಸಿ ಹೇಳಬೇಕು. ಕರ್ನೆ ಎಂದರೆ ಮೀನು ಅದರೊಳಗೆ ಬರುವುದಿಲ್ಲ. ಸಕ್ಕರೆ ಕಾಯಿಲೆಯವರು ಪಥ್ಯದ ಮಾತಿಗೂ ಇದನ್ನೇ ಬಳಸಬಹುದು: ‘ಬಾವಲ್ ಸ ಆಕಿನ್ ಅಙ್ ಮತಮಿಸ್’, ಸಿಹಿ ನನಗೆ ಆಗದು.

ಕಾಗದಪತ್ರಗಳಲ್ಲಿ

ಸರ್ಕಾರಿ ಬರಹದಲ್ಲಿ ಇದೇ ಪದಗಳು ಉದ್ದದ ಅಂಗಿ ತೊಟ್ಟು ಬರುತ್ತವೆ. ಬಾವಲ್ ‘ಇಪಿನಗ್‌ಬಬಾವಲ್’ ಆಗುತ್ತದೆ, ನಿಷೇಧಿಸಲಾಗಿದೆ. ಕೈಲಾಙನ್ ‘ಕಿನಕೈಲಾಙನ್’ ಆಗುತ್ತದೆ, ಕಡ್ಡಾಯವಾಗಿ ಬೇಕಾಗಿದೆ. ಅನುಮತಿ ಪಡೆದದ್ದನ್ನು ಹೇಳಲು ‘ಪಾಯಗ್’ ಎಂಬ ಧಾತು ಇದೆ: ‘ಪಿನಯಾಗನ್ ಅಕೊ ನಙ್ ನಾನಯ್ ಕೊ’, ನನ್ನ ಅಮ್ಮ ಒಪ್ಪಿಗೆ ಕೊಟ್ಟಳು.

ದಾಪತ್ ಮಾತ್ರ ವೇಷ ಬದಲಿಸದೆ ಎಲ್ಲ ಕಡೆ ಓಡಾಡುತ್ತದೆ. 1987ರ ಫಿಲಿಪ್ಪೀನ್ಸ್ ಸಂವಿಧಾನದ 14ನೆಯ ವಿಧಿಯ 6ನೆಯ ಪ್ರಕರಣ ರಾಷ್ಟ್ರಭಾಷೆಯ ಕುರಿತದ್ದು. 1937ರಲ್ಲಿ ಅಧ್ಯಕ್ಷ ಮ್ಯಾನುಯೆಲ್ ಕೆಜೋನ್ ತಗಾಲೊಗ್ ಅನ್ನು ರಾಷ್ಟ್ರಭಾಷೆಯ ತಳಹದಿಯೆಂದು ಘೋಷಿಸಿದ್ದರು. ಅದರ ಮೇಲೆ ಬೆಳೆದ ಭಾಷೆಯನ್ನು ಈ ಪ್ರಕರಣ ಫಿಲಿಪಿನೊ ಎಂದು ಕರೆಯುತ್ತದೆ. ಅದರ ಬಗ್ಗೆ ಹೀಗೆ ಹೇಳುತ್ತದೆ: ‘ಇತೊ ಅಯ್ ದಾಪತ್ ಪಯಬುಙಿನ್ ಅತ್ ಪಗ್ಯಮಾನಿನ್ ಪ’. ಇದನ್ನು ಇನ್ನೂ ಬೆಳೆಸಬೇಕು, ಸಿರಿವಂತಗೊಳಿಸಬೇಕು ಎಂದರ್ಥ. ಅಡುಗೆಮನೆಯಲ್ಲಿ ಅಮ್ಮ ಬಳಸುವ ದಾಪತ್ ಸಂವಿಧಾನದಲ್ಲೂ ಅದೇ ತೂಕದಲ್ಲಿ ಕುಳಿತಿದೆ. ಇಲ್ಲಿ ಕೈಲಾಙನ್ ಬಂದಿದ್ದರೆ ಭಾಷೆ ಬೆಳೆಸುವುದು ಆ ಹೊತ್ತಿನ ಒಂದು ಅಗತ್ಯದಂತೆ ಕೇಳಿಸುತ್ತಿತ್ತು. ದಾಪತ್ ಅದನ್ನು ಕರ್ತವ್ಯವಾಗಿಸಿದೆ.

ದಾವಾವ್‌ಗೆ ಹೊರಟವರಿಗೆ

ವೈದ್ಯಕೀಯ ಓದಲು ಭಾರತದಿಂದ ಫಿಲಿಪ್ಪೀನ್ಸ್‌ಗೆ ಹೋಗುವವರಲ್ಲಿ ನಮ್ಮ ರಾಜ್ಯದ ಮಕ್ಕಳೂ ಇದ್ದಾರೆ. ದಾವಾವ್ ನಗರಕ್ಕೆ ಹೋಗುವವರು ಹಲವರು. ಅಲ್ಲಿ ತಗಾಲೊಗ್ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಬೀದಿಯಲ್ಲಿ ಕೇಳುವುದು ಹೆಚ್ಚಾಗಿ ಸೆಬುವಾನೊ ಎಂಬ ಇನ್ನೊಂದು ಭಾಷೆ. ಪ್ವೆದೆ ಎರಡರಲ್ಲೂ ಸಲ್ಲುತ್ತದೆ. ಕೈಲಾಙನ್ ಜಾಗದಲ್ಲಿ ‘ಕಿನಹಙ್‌ಲನ್’ ಇದೆ. ಎಚ್ಚರ ಬೇಕಾದದ್ದು ‘ಆಯವ್’ ವಿಷಯದಲ್ಲಿ. ತಗಾಲೊಗ್‌ನಲ್ಲಿ ‘ನನಗೆ ಬೇಡ’ ಎಂಬರ್ಥದ ಈ ಪದ ಸೆಬುವಾನೊದಲ್ಲಿ ‘ಮಾಡಬೇಡ’ ಎಂಬ ತಡೆಯ ಮಾತು, ಅಂದರೆ ತಗಾಲೊಗ್‌ನ ಹುವಾಗ್. ವಾರ್ಡಿನಲ್ಲಿ ರೋಗಿಯೊಬ್ಬರು ‘ಅಯಾವ್’ ಎಂದರೆ ಔಷಧಿ ಒಲ್ಲೆ ಎನ್ನುತ್ತಿದ್ದಾರೆಂದು ತಿಳಿದು ಬುದ್ಧಿ ಹೇಳಲು ತೊಡಗಬೇಡಿ. ನಿಮ್ಮ ಕೈಯಲ್ಲಿ ಸೂಜಿ ಇದ್ದರೆ ಮೊದಲು ಅದನ್ನು ಹಿಂದಕ್ಕೆ ತೆಗೆಯಿರಿ, ಎಲ್ಲಿ ನೋಯುತ್ತಿದೆ ಎಂದು ಕೇಳಿ.